ಸಿಸ್ಟರಮ್ಮ ಬಿಟ್ಟುಕೊಡದ ಡ್ರಾ

ಸಿಸ್ಟರಮ್ಮನ ಬೆರಳುಗಳು ಗಿಡ್ಡ, ದಪ್ಪ. ಔಷಧದ ನೀರಿನಲ್ಲಿ ವರ್ಷಗಟ್ಟಲೆ ನೆನೆದು ತುದಿಗಳು ಬಿಳುಚಿ ಬಿರಿದಿದ್ದವು. ಅದೇ ಬೆರಳುಗಳು ಚೆಸ್ ಕಾಯಿ ಎತ್ತಿಡುವಾಗ ಸಪ್ಪಳವೇ ಆಗುತ್ತಿರಲಿಲ್ಲ.

ಭಾಲ್ಕಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು, ಆಸ್ಪತ್ರೆಯಲ್ಲಿ ನರ್ಸ್. ಪಾಳಿ ಮುಗಿಸಿ ಬಂದವರೇ ಕಟ್ಟೆಯ ಮೇಲೆ ಬೋರ್ಡು ಹರವಿ ನನ್ನನ್ನು ಕೂಗುತ್ತಿದ್ದರು. ಒಂದು ದಿನವೂ ಬೇಕೆಂದು ಸೋಲಲಿಲ್ಲ. ನಾನು ಅತ್ತರೆ ಕೈಗೆ ಶೇಂಗಾ ಹಾಕಿ, "ಅಳೂದು ಮುಗೀತೇನು? ಕಾಯಿ ಹೊಂದಸು" ಎನ್ನುತ್ತಿದ್ದರು.

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ಬೀದರಿನಲ್ಲಿ ಜಿಲ್ಲಾ ಪಂದ್ಯ ನಡೆಯಿತು. ದೊಡ್ಡವರು, ಮಕ್ಕಳು ಎಲ್ಲರೂ ಒಟ್ಟಿಗೇ ಆಡುವುದು. ಜಿಲ್ಲೆಯ ಶಾಲಾ ಹುಡುಗಿಯರಲ್ಲಿ ಒಬ್ಬಳಿಗೆ ಮಾತ್ರ ರಾಜ್ಯಮಟ್ಟಕ್ಕೆ ಅವಕಾಶ. ಕೊನೆಯ ಸುತ್ತಿನಲ್ಲಿ ನನಗೆ ಡ್ರಾ ಆದರೂ ಸಾಕಿತ್ತು. ಸೋತರೆ ಔರಾದಿನ ಹುಡುಗಿ ಹೋಗುತ್ತಿದ್ದಳು. ನನ್ನ ಎದುರಾಳಿಯ ಹೆಸರು ಕೂಗಿದರು. ಸಿಸ್ಟರಮ್ಮ!

ಅಪ್ಪ ಅವರ ಹತ್ತಿರ ಹೋಗಿ ಮೆಲ್ಲಗೆ, "ಸಿಸ್ಟರ್, ನಿಮಗ ಇದರಾಗ ಹೋಗೂದು ಏನೂ ಇಲ್ರಿ. ಡ್ರಾ ಮಾಡ್ಕೊಂಡು ಬಿಡ್ರಲ್ಲ" ಎಂದರು.

"ಆ ಔರಾದ ಪೋರಿ ಮಾರಿ ಹ್ಯಾಂಗ ನೋಡ್ಲಿ, ಅಣ್ಣಾರ? ನಿಮ್ಮ ಮಗಳಿಗಿ ಆಡ್ಲಾಕ ಬರ್ತದ. ಆಡ್ಲಿ ಬಿಡ್ರಿ."

ಅವರು ಪೂರ್ತಿ ಬಲ ಹಾಕಿ ಆಡಿದರು. ನನ್ನ ಕುದುರೆ ಹೋಯಿತು, ಆನೆ ಹೋಯಿತು. ಕೊನೆಗೆ ನನಗೆ ರಾಜನೊಬ್ಬನೇ ಉಳಿದ. ಅವರಿಗೆ ರಾಜನ ಜೊತೆ ಒಂದು ಪ್ಯಾದೆ, ಅಂದರೆ ಕಾಲಾಳು. ಅದು ಹಲಗೆಯ ಈ ತುದಿ ಮುಟ್ಟಿದರೆ ಎಲ್ಲಕ್ಕಿಂತ ಬಲದ ಕಾಯಿ ವಜೀರನಾಗುತ್ತದೆ, ನನ್ನ ಕಥೆ ಮುಗಿಯುತ್ತದೆ. ಅಪ್ಪ ನೋಡಲಾರದೆ ಹೊರಗೆ ನಡೆದರು. ನಾನು ಸಿಸ್ಟರಮ್ಮನ ರಾಜನಿಗೆ ಎದುರಾಗಿ ನನ್ನ ರಾಜನನ್ನು ನಿಲ್ಲಿಸುತ್ತ, ದಾರಿ ಬಿಡದೆ, ಒಂದೊಂದೇ ಮನೆ ಹಿಂದೆ ಸರಿದೆ. ಕಡೆಗೆ ನನ್ನ ರಾಜನಿಗೆ ಚೆಕ್ ಇರಲಿಲ್ಲ, ಕಾಲಿಡಲು ಮನೆಯೂ ಇರಲಿಲ್ಲ. ಆಟದ ನಿಯಮದಂತೆ ಹಾಗಾದರೆ ಯಾರೂ ಗೆದ್ದಂತಲ್ಲ. ಡ್ರಾ!

ಸಿಸ್ಟರಮ್ಮ ಎದ್ದು ನಿಂತರು. ಪಂದ್ಯದ ಹಾಲಿನಲ್ಲಿ ಮಾತಾಡಬಾರದೆಂಬುದನ್ನೂ ಮರೆತು, "ನಾ ಕೊಟ್ಟಿಲ್ರಿ! ಆಕೀನೇ ನನ್ನ ಕೈಯಾಗಿಂದ ಕಸ್ಕೊಂಡಾಳ!" ಎಂದು ಎಲ್ಲರಿಗೂ ಕೇಳುವಂತೆ ಕೂಗಿದರು. ಮೊದಲು ಬಂದು ನನ್ನ ಕೈ ಕುಲುಕಿದವಳು ಔರಾದಿನ ಹುಡುಗಿ.

ರಾಜ್ಯಮಟ್ಟದಲ್ಲಿ ನಾನು ಬೇಗನೆ ಸೋತು ಬಂದೆ. ಆದರೂ ಅಲ್ಲಿ ತಲೆ ಎತ್ತಿ ಕುಳಿತಿದ್ದೆ. ಯಾರ ಕರುಣೆಯಿಂದಲೂ ಬಂದವಳಲ್ಲ ಎಂಬುದು ನನಗೆ ಗೊತ್ತಿತ್ತು.

ಸಿಸ್ಟರಮ್ಮ ಹೋದ ವರ್ಷ ತೀರಿಕೊಂಡರು. ಕೊನೆಯವರೆಗೂ ಅವರನ್ನು ಸೋಲಿಸುವುದು ನನ್ನಿಂದಾಗಲಿಲ್ಲ. ಹಾಗೆ ಹೇಳಿಕೊಳ್ಳಲು ನನಗೆ ಇವತ್ತಿಗೂ ಹೆಮ್ಮೆ.