ಅವ್ವನ ಪಾಲಿನ ಮೊಳ

ಮೊನ್ನೆ ಹಂಪಸಾಗರದಿಂದ ಬಂದ ನನ್ನ ಚಿಗವ್ವ, ಅವ್ವನ ತಂಗಿ, ಒಂದು ಸುತ್ತು ಬಾಳೆ ನಾರು ತಂದಿದ್ದಳು. ಒಣಗಿದ ನಾರಿಗೆ ಅಂಥ ವಾಸನೆಯೇನೂ ಇರುವುದಿಲ್ಲ. ನೀರಿಗೆ ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಹಸಿ ಮಣ್ಣು, ಹುಳಿ ಮಜ್ಜಿಗೆ ಎರಡೂ ಕೂಡಿದಂಥ ಒಂದು ವಾಸನೆ ಏಳುತ್ತದೆ. ಈಗ ನಮ್ಮಲ್ಲಿ ಎಲ್ಲರೂ ಅಂಗಡಿಯ ದಾರದಲ್ಲೇ ಹೂವು ಕಟ್ಟುವುದರಿಂದ ಆ ವಾಸನೆ ಮೂಗಿಗೆ ಬಿದ್ದು ವರ್ಷಗಳೇ ಆಗಿದ್ದವು. ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತವಳು ಏಳುವುದನ್ನೇ ಮರೆತೆ. ಎದುರು ಮನೆಯ ಅತ್ತೆ ನೆನಪಾದರು.

ನಮ್ಮದು ಹಡಗಲಿಯಲ್ಲಿ ಹೂವಿನ ವ್ಯಾಪಾರ. ಅಪ್ಪ ಶುರು ಮಾಡಿದ್ದು, ಅವನ ನಂತರ ನಾನು. ಬೆಳಿಗ್ಗೆ ತೋಟದಿಂದ ಮಲ್ಲಿಗೆ ಮೊಗ್ಗು ಬಂದಕೂಡಲೇ ಓಣಿಯ ಏಳೆಂಟು ಹೆಣ್ಣುಮಕ್ಕಳು ನಮ್ಮ ಪಡಸಾಲೆಯಲ್ಲಿ ಕೂತು ಕಟ್ಟುತ್ತಿದ್ದರು. ಒಂಬತ್ತರ ಬಸ್ಸಿಗೆ ಬುಟ್ಟಿ ಹರಪನಹಳ್ಳಿಗೆ ಹೋಗಲೇಬೇಕು. ಮೊಗ್ಗು ಯಾರಿಗೂ ಕಾಯುವುದಿಲ್ಲ, ಬಿಸಿಲೇರಿದರೆ ಬಾಯಿ ಬಿಡುತ್ತದೆ. ಹೀಗಾಗಿ ನನ್ನ ಬೆಳಗುಗಳೆಲ್ಲ ಗಡಿಬಿಡಿಯಲ್ಲೇ ಕಳೆದವು, ನನ್ನ ಸ್ವಭಾವವೂ ಹಾಗೇ ಆಯಿತು. ನಾಚಿಕೆಯ ಸಂಗತಿಯೊಂದನ್ನು ಇಲ್ಲೇ ಹೇಳಿಬಿಡುತ್ತೇನೆ. ನಾಲ್ಕು ಊರಿಗೆ ಹೂವು ಕಳಿಸುವ ನನಗೆ ಹೂವು ಕಟ್ಟಲು ಬರುವುದಿಲ್ಲ. ಕಲಿಯಲು ಪುರುಸೊತ್ತಾಗಲಿಲ್ಲ ಎಂದು ಹೇಳಿಕೊಂಡು ಬಂದಿದ್ದೇನೆ. ಪುರುಸೊತ್ತು ಇತ್ತು, ತಾಳ್ಮೆ ಇರಲಿಲ್ಲ.

ಅತ್ತೆ ರಕ್ತಸಂಬಂಧಿಯಲ್ಲ, ನನ್ನ ಅವ್ವನ ಗೆಳತಿ. ಇಬ್ಬರೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು, ಒಂದೇ ಕಂಬಕ್ಕೆ ಒರಗಿ ಕೂತು ಹೂವು ಕಟ್ಟಿದವರು. ಅವ್ವ ತೀರಿಕೊಂಡಾಗ ನನಗೆ ನಾಲ್ಕು ವರ್ಷ. ಅವಳದೊಂದು ಫೋಟೊ ಇದೆ, ಮದುವೆಯದು. ಅದರಲ್ಲಿ ಮುಖಕ್ಕಿಂತ ಬಾಸಿಂಗವೇ ಹೆಚ್ಚು ಕಾಣುತ್ತದೆ. ಅಪ್ಪ ಅವಳ ಮಾತೆತ್ತುತ್ತಿರಲಿಲ್ಲ, ಅವಳ ತವರಿನವರು ಬಂದುಹೋಗುವುದೂ ಅಪರೂಪವಾಗಿತ್ತು. ನನಗೆ ಅವ್ವ ಎಂದರೆ ಅತ್ತೆ ಹೂವು ಕಟ್ಟುತ್ತ ಹೇಳಿದಷ್ಟೇ. ಅವ್ವ ನಾರನ್ನು ಹಲ್ಲಿನಿಂದಲೇ ಕಡಿಯುತ್ತಿದ್ದಳಂತೆ, ಕತ್ತರಿ ಕೊಟ್ಟರೆ ಸಿಟ್ಟಾಗುತ್ತಿದ್ದಳಂತೆ. ನಕ್ಕರೆ ಸೀನು ಬರುತ್ತಿತ್ತಂತೆ... ಇಂಥ ಚೂರುಪಾರುಗಳಿಂದಲೇ ನಾನು ಒಬ್ಬ ತಾಯಿಯನ್ನು ಕಟ್ಟಿಕೊಂಡಿದ್ದೆ.

ಎಪ್ಪತ್ತು ದಾಟಿದ ಮೇಲೆ ಅತ್ತೆಗೆ ಮರೆವು ಶುರುವಾಯಿತು. ಸಾರಿಗೆ ಎರಡು ಸಲ ಉಪ್ಪು, ಸಂತೆಯಿಂದ ಮನೆಗೆ ಬರುವ ದಾರಿ ತಪ್ಪುವುದು, ಸೊಸೆಯನ್ನು ತಂಗಿಯ ಹೆಸರಿನಿಂದ ಕರೆಯುವುದು. ಆದರೆ ಒಂದು ಸೋಜಿಗ ನಾನೇ ಕಣ್ಣಾರೆ ಕಂಡಿದ್ದೆ. ಕೈಗೆ ಒದ್ದೆ ನಾರು ಬಂದು, ಮಡಿಲಿಗೆ ಮೊಗ್ಗು ಬಿದ್ದರೆ ಅತ್ತೆ ಬೇರೆಯೇ ಆಗುತ್ತಿದ್ದರು. ಎರಡು ಮೊಗ್ಗು ಈ ಕಡೆ, ಎರಡು ಆ ಕಡೆ, ಒಂದು ಸುತ್ತು, ಒಂದು ಗಂಟು. ಬೆರಳು ಓಡುತ್ತಿದ್ದಂತೆ ಮಾತೂ ಸಾಲಾಗಿ ಬರುತ್ತಿತ್ತು. ಯಾರ ಮದುವೆ, ಯಾವ ವರ್ಷದ ಮಳೆ, ಯಾರ ಜಗಳ, ಒಂದೂ ತಪ್ಪುತ್ತಿರಲಿಲ್ಲ. ನಾನು ಅದನ್ನು ಕಂಡೆ, ಅದರ ಅರ್ಥ ಏನೆಂದು ಯೋಚಿಸಲಿಲ್ಲ.

ಆಮೇಲೆ ಹರಪನಹಳ್ಳಿಯ ಹೂವಿನವನಿಂದ ಫೋನ್ ಬಂತು. "ಅಕ್ಕಾ, ಒಂದ್ ಮಾಲಿ ಎರಡು ಥರ ಐತ್ರಿ. ಒಂದು ಮೊಳ ತೆಳ್ಳಗ, ಒಂದು ಮೊಳ ದಪ್ಪ. ಗಿರಾಕಿ ಬ್ಯಾಡ ಅಂತಾರ." ಮರುದಿನ ಬುಟ್ಟಿ ಕಳಿಸುವ ಮುನ್ನ ನೋಡಿದರೆ ನಿಜ, ಅದು ಅತ್ತೆಯ ಮಾಲೆ. ಒಂದು ಮೊಳದಷ್ಟು ಎರಡೆರಡು ಮೊಗ್ಗು, ನಂತರ ಒಂದು ಮೊಳ ಮೂರು ಮೂರು, ಮತ್ತೆ ಎರಡೆರಡು.

"ಅತ್ತಿ, ಇದೇನ್ರಿ ಹಿಂಗ ಕಟ್ಟೀರಿ?" ಎಂದು ಕೇಳಿದೆ.

ಅವರು ದಪ್ಪನೆಯ ಮೊಳವನ್ನು ಸವರಿದರು. "ಇದು ನಂದಲ್ಲ ಮಗಳ. ನಿಮ್ಮವ್ವನ ಪಾಲಿಂದು."

ತಲೆ ಪೂರಾ ಕೆಟ್ಟಿತು ಎಂದುಕೊಂಡೆ. ಅವರು ನಾರು ಬಿಡದೆ ಮುಂದುವರಿಸಿದರು. "ದವಾಖಾನಿಗೆ ಹೊಂಟಾಗ ನಿನ್ನ ನನ್ನ ಮಡಿಲಾಗ ಕುಂದರ್ಸಿ ಒಂದು ಮಾತು ಹೇಳಿದ್ಲು ನೋಡು..." ಅಷ್ಟರಲ್ಲಿ ಬಸ್ಸಿನ ಹಾರನ್ ಕೇಳಿಸಿತು. "ನಾಳಿ ಹೇಳ್ರಿ ಅತ್ತಿ, ಬಸ್ ಬಂತು" ಎಂದು ಬುಟ್ಟಿ ಎತ್ತಿಕೊಂಡು ಓಡಿದೆ.

ವಾಪಸು ಬರುವಾಗ ದಾರಿಯಲ್ಲೇ ತೀರ್ಮಾನ ಮಾಡಿದ್ದೆ. "ನಾಳಿಯಿಂದ ಆರಾಮ ಇರ್ರಿ ಅತ್ತಿ. ಭಾಳ ದುಡದೀರಿ."

"ನಾ ಏನ್ ತಪ್ಪು ಮಾಡೀನಿ?"

"ತಪ್ಪೇನಿಲ್ರಿ. ವಯಸ್ಸಾತಲ್ಲ."

ಒಳ್ಳೆಯ ಕೆಲಸ ಮಾಡಿದೆನೆಂದೇ ನಂಬಿದ್ದೆ. ಮರುದಿನವೂ ಅತ್ತೆ ನಾರಿನ ಬಟ್ಟಲು ಹಿಡಿದು ಬಂದರು. ನಾನು ಚಹಾ ಕೊಟ್ಟು ಕುರ್ಚಿಯ ಮೇಲೆ ಕೂರಿಸಿದೆ. ಜೀವಮಾನವೆಲ್ಲ ಆ ಕಂಬದ ಬುಡದಲ್ಲಿ ಕೂತವರು ಕುರ್ಚಿಯ ತುದಿಯಲ್ಲಿ ನೆಂಟರಂತೆ ಕೂತು, ಉಳಿದವರ ಕೈಗಳನ್ನೇ ನೋಡುತ್ತಿದ್ದರು. ಮಡಿಲಲ್ಲಿ ಅವರ ಬೆರಳು ಸುಮ್ಮನೆ ಆಡುತ್ತಿದ್ದವು. ನಾಳೆ ಹೇಳಿ ಎಂದಿದ್ದ ಮಾತನ್ನು ನಾನು ಕೇಳಲಿಲ್ಲ. ಅತ್ತೆ ಎಲ್ಲಿಗೆ ಹೋಗುತ್ತಾರೆ, ಸುಗ್ಗಿ ಮುಗಿಯಲಿ ಎಂದುಕೊಂಡೆ. ವಾರದ ಮೇಲೆ ಅವರು ಬರುವುದನ್ನೇ ಬಿಟ್ಟರು.

ಮೂರು ತಿಂಗಳಲ್ಲಿ ಅತ್ತೆಯ ಮಾತು ಕಡಿಮೆಯಾಯಿತು. "ಗ್ವಾಡಿ ನೋಡ್ಕೊಂತ ಕುಂದರ್ತಾರ. ಏನಾತು ಅಂತ ಕೇಳಿದ್ರ ಕಣ್ಣಾಗ ನೀರು" ಎಂದು ಅವರ ಸೊಸೆ ಬಂದು ಹೇಳಿದಳು. ಇಬ್ಬರೂ ಸೇರಿ ಅತ್ತೆಯನ್ನು ದಾವಣಗೆರೆಗೆ ಕರೆದುಕೊಂಡು ಹೋದೆವು. ಡಾಕ್ಟರು ವಯಸ್ಸಾದವರು, ಸಮಾಧಾನದಿಂದ ಎಲ್ಲ ಕೇಳಿದರು.

"ಮೊದ್ಲು ಏನ್ ಕೆಲ್ಸ ಮಾಡ್ತಿದ್ರು?"

"ಹೂವು ಕಟ್ತಿದ್ರು ರೀ."

"ಈಗ?"

ಸೊಸೆ ನನ್ನ ಕಡೆ ನೋಡಿದಳು.

ಡಾಕ್ಟರು ಹೇಳಿದ್ದು ಇಂದಿಗೂ ಕಿವಿಯಲ್ಲಿದೆ. "ನೆನಪು ಅನ್ನೋದು ಮೆದುಳಿನ ಒಂದು ಮೂಲೇಲಿ ಮುಚ್ಚಿಟ್ಟ ಡಬ್ಬಿ ಅಲ್ಲಮ್ಮ. ಕೈ ಕೆಲ್ಸದ್ದು ಒಂದು ಜಾಗ, ವಾಸನೇದು ಒಂದು, ಮಾತಿಂದು ಒಂದು. ಅವೆಲ್ಲ ಒಂದಕ್ಕೊಂದು ಸುದ್ದಿ ಕಳಿಸ್ತಾ ಇದ್ರೇನೆ ನೆನಪು, ಯೋಚ್ನೆ, ಮನಸ್ಸಿನ ಖುಷಿ ಎಲ್ಲ. ಹಡಗಲಿಯಿಂದ ಹರಪನಹಳ್ಳಿಗೆ ಸೀದಾ ದಾರಿ ಬಂದಾದ್ರೆ ಬೊಮ್ಮನಹಳ್ಳಿ, ಕೊಟ್ಟೂರು ಸುತ್ತಿ ಹೋಗ್ತೀರಲ್ಲ, ಹಂಗೆ. ಇವ್ರಿಗೆ ಬೇರೆ ದಾರಿ ಮುಚ್ತಾ ಇದ್ದಾಗ ಹೂವಿನ ದಾರಿ ತೆರೆದಿತ್ತು." ಆಮೇಲೆ ನನ್ನ ಕಡೆ ತಿರುಗಿ, "ಕಾಯಿಲೆ ನಿಮ್ಮಿಂದ ಬಂದಿದ್ದಲ್ಲ. ಅದು ಬರೋದು ಬರ್ತಿತ್ತು. ಆದ್ರೆ ಕೈಯಿಂದ ಹೂವು ಕಸಿಬಾರ್ದಿತ್ತು" ಎಂದರು.

ಕಸಿಯುವುದು ಎಂಬ ಮಾತು ಎದೆಗೆ ನಾಟಿತು. ನಾನು ವಿಶ್ರಾಂತಿ ಕೊಟ್ಟೆ ಎಂದುಕೊಂಡಿದ್ದೆ. ಅತ್ತೆ ನನ್ನ ಅವ್ವನ ಹತ್ತಿರ ಹೋಗಿಬರುತ್ತಿದ್ದ ದಾರಿ ಅದೊಂದೇ ಇತ್ತು, ಅದಕ್ಕೆ ನಾನೇ ಅಡ್ಡಗಟ್ಟಿದ್ದೆ.

ಮರುದಿನ ಬೆಳಿಗ್ಗೆ ಅತ್ತೆಯನ್ನು ಕಂಬದ ಬುಡದಲ್ಲಿ ಕೂರಿಸಿ, ಮಡಿಲಿಗೆ ಎರಡು ಬೊಗಸೆ ಮೊಗ್ಗು ಸುರಿದೆ. ಅವರು ಮೂಸಿ ನೋಡಿದರು. ಎರಡು ಮೊಗ್ಗು ಈ ಕಡೆ ಇಟ್ಟರು, ಎರಡು ಆ ಕಡೆ. ನಾರು ಹಿಡಿದ ಕೈ ಅಲ್ಲೇ ನಿಂತಿತು.

"ಬಸ್ ಬಂತೇನು?" ಎಂದು ಕೇಳಿದರು. ಅಂಜಿದ್ದರು.

"ಬಸ್ ಇಲ್ರಿ ಅತ್ತಿ, ಯಾವ ಬಸ್ಸೂ ಇಲ್ಲ. ಹೇಳ್ರಿ, ಅವ್ವ ಏನಂದಿದ್ಲು?"

ನನ್ನ ಮುಖ ನೋಡಿದರು. "ಯಾರವ್ವ?" ಎಂದರು.

ನಂತರವೂ ದಿನಾ ಮೊಗ್ಗು ಕೊಟ್ಟೆವು. ಕೆಲವೊಮ್ಮೆ ಒಂದು ಗೇಣು ಕಟ್ಟುತ್ತಿದ್ದರು, ಅಳು ಕಡಿಮೆಯಾಯಿತು, ಹಾಡಿನಂಥದ್ದೇನನ್ನೋ ಗುನುಗುತ್ತಿದ್ದರು. ಮೂರು ಮೂರು ಮೊಗ್ಗಿನ ಮೊಳ ಮಾತ್ರ ಮತ್ತೆ ಬರಲಿಲ್ಲ. ಒಂದು ವರ್ಷ ಹಾಗೇ ಇದ್ದು ಹೋದರು. ಮೆದುಳಿನ ಬಗ್ಗೆ ಆಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿದೆ. ನಾವು ಸುಮ್ಮನೆ ಕೂತಾಗಲೂ ಅದರ ಭಾಗಗಳು ತಮ್ಮತಮ್ಮಲ್ಲಿ ಮಾತಾಡಿಕೊಳ್ಳುತ್ತಿರುತ್ತವಂತೆ. ಕುರ್ಚಿಯ ಮೇಲೆ ಕೂತ ಆ ದಿನಗಳಲ್ಲಿ ಅತ್ತೆಯೊಳಗೆ ಯಾವ ಮಾತು ನಡೆದಿತ್ತೋ...

ಬಕೆಟ್ಟಿನ ಮುಂದೆ ಎಷ್ಟು ಹೊತ್ತು ಕೂತಿದ್ದೆನೋ ಗೊತ್ತಿಲ್ಲ. ಚಿಗವ್ವ ಬಂದು, ನೆನೆದ ನಾರು ಎತ್ತಿಕೊಂಡು, ಬೇಸರ ಕಳೆಯಲು ಒಂದು ಮಾಲೆ ಹಿಡಿದಳು. ನಮ್ಮ ಮನೆಯಲ್ಲಿ ಅವಳು ಹೂವು ಕಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಮೂರು ಮೊಗ್ಗು ಈ ಕಡೆ, ಮೂರು ಆ ಕಡೆ.

"ಇದ್ಯಾಕ ಮೂರು ಮೂರು?" ಎಂದೆ.

"ನಮ್ಮ ಮನ್ಯಾಗ ಎಲ್ಲಾರೂ ಹಿಂಗ ಕಟ್ಟೋದು. ನಿಮ್ಮವ್ವನೂ ಹಿಂಗ ಕಟ್ತಿದ್ಲು" ಎಂದಳು ಚಿಗವ್ವ. ಹಾಗೆ ಹೇಳುತ್ತಲೇ ನಾರನ್ನು ಹಲ್ಲಿನಿಂದ ಕಡಿದಳು.

ಅತ್ತೆ ತಪ್ಪಿರಲಿಲ್ಲ. ಗೆಳತಿ ಪಕ್ಕದಲ್ಲೇ ಇದ್ದಾಳೆಂದು ಒಂದು ಮೊಳ ತಮ್ಮದು, ಒಂದು ಮೊಳ ಅವಳದು ಕಟ್ಟುತ್ತಿದ್ದರು. ನನ್ನ ಅವ್ವನ ಕೈಯ ಹೂವು ನನ್ನ ಬುಟ್ಟಿಗೇ ಬಂದು ಬಿದ್ದಿತ್ತು, ನಾನು ಅದನ್ನು ಕೆಟ್ಟ ಮಾಲು ಎಂದು ತೆಗೆದುಹಾಕಿದೆ.

ನಾನೂ ನಾರು ಕೈಗೆತ್ತಿಕೊಂಡೆ. ಮೂರು ಮೊಗ್ಗು ಇಟ್ಟು ಸುತ್ತಿದರೆ ಒಂದು ಜಾರಿತು, ಬಿಗಿದರೆ ಮೂರೂ ಉದುರಿದವು. ಹೊರಗೆ ಒಂಬತ್ತರ ಬಸ್ಸಿನ ಹಾರನ್ ಕೇಳಿಸಿತು.

"ಬಸ್ ಬಂತಲ್ಲ, ಏಳು" ಎಂದಳು ಚಿಗವ್ವ.

"ಹೋಗ್ಲಿ ಬಿಡು. ನೀ ಹೇಳು, ನಾ ಕೇಳ್ತೀನಿ."

ಈ ಮಾತನ್ನು ನಾನು ಅತ್ತೆಗೆ ಹೇಳಬೇಕಾಗಿತ್ತು.