ಕಡಿವಾಣಕ್ಕೆ ಬಿಗಿದ ಪಟ್ಟಿ

ಪ್ರತಿ ಭಾನುವಾರ ಘಾಟ್ಕೋಪರಿನಿಂದ ಲೋಕಲ್ ಹಿಡಿದು ಕುದುರೆ ಸವಾರಿ ಕಲಿಯಲು ಹೋಗುತ್ತಿದ್ದೆ. ಕಲಿಸುತ್ತಿದ್ದವರು ಧಾರವಾಡದ ಕಡೆಯವರು. ಈ ಮುಂಬೈಯಲ್ಲಿ ಕನ್ನಡದಲ್ಲಿ ಬೈಸಿಕೊಳ್ಳುವುದೂ ಒಂದು ಸುಖವೆಂದು ಅವರನ್ನೇ ಹುಡುಕಿಕೊಂಡಿದ್ದೆ. ಹಿಮ್ಮಡಿ ಕೆಳಗೆ, ಬೆನ್ನು ನೆಟ್ಟಗೆ, ಮೊಣಕೈ ಸಡಿಲ ಎಂದು ಅವರು ಹೇಳಿಕೊಟ್ಟದ್ದನ್ನು ಲೋಕಲ್‌ನ ನೂಕುನುಗ್ಗಲಿನಲ್ಲಿ ನಿಂತೇ ಅಭ್ಯಾಸ ಮಾಡುತ್ತಿದ್ದೆ. ಕೆಲವೇ ತಿಂಗಳಲ್ಲಿ ಕುದುರೆ ಕತ್ತು ಬಾಗಿಸಿ ಮೆತ್ತಗೆ ನಡೆಯತೊಡಗಿತು.

“ಕೈ ಭಾಳ ಹಗುರ ಆಗ್ಯಾವ್ರಿ ಅಕ್ಕಾರ. ಕುದುರಿ ನಿಮ್ಮ ಲಗಾಮು ಕೇಳಾಕತ್ತೈತಿ,” ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಕಡಿವಾಣದಿಂದ ಜೀನಿಗೆ ಎರಡೂ ಕಡೆ ಒಂದೊಂದು ಚರ್ಮದ ಪಟ್ಟಿ ಬಿಗಿದಿರುತ್ತಿತ್ತು. ಅದೇನೆಂದು ಕೇಳಿದ್ದಕ್ಕೆ, “ಅದು ಜೀನಿನ ಜೋಡಿನ ಬರ್ತೈತ್ರಿ,” ಎಂದಿದ್ದರು.

ಆ ಹುಮ್ಮಸ್ಸಿನಲ್ಲೇ ಒಂದು ಸವಾರಿ ಸ್ಪರ್ಧೆಗೆ ಹೆಸರು ಕೊಟ್ಟೆ. ಸ್ಪರ್ಧೆಯ ಬೆಳಿಗ್ಗೆ ಆ ಪಟ್ಟಿಗಳನ್ನು ಅವರು ತಾವೇ ಬಿಚ್ಚಿದರು. ಸ್ಪರ್ಧೆಯಲ್ಲಿ ಅವನ್ನು ಕಟ್ಟುವಂತಿಲ್ಲವಂತೆ. ನಾನು ಲಗಾಮು ಕೈಗೆತ್ತಿಕೊಂಡದ್ದೇ ತಡ, ಕುದುರೆ ತಲೆಯನ್ನು ಮೇಲಕ್ಕೆ ಕೊಡವಿತು. ಬೀಳುವ ಭಯಕ್ಕೆ ಲಗಾಮಿಗೇ ಜೋತುಬಿದ್ದೆ. ಅದು ಬಾಯಿ ಬಿಟ್ಟುಕೊಂಡು ಇನ್ನಷ್ಟು ಒದ್ದಾಡಿತು. ಅಷ್ಟು ದಿನ ಅದರ ಕತ್ತು ಬಾಗಿಸಿದ್ದು ನನ್ನ ಕೈಯಲ್ಲ, ಆ ಪಟ್ಟಿ.

ಇಳಿದು ಕೇಳಿದೆ: “ಮೊದಲೇ ಯಾಕೆ ಹೇಳಲಿಲ್ಲ ನೀವು?”

“ಹೇಳಿದ್ರ ಬಿಟ್ಟು ಹೋಗ್ತಿದ್ರಿ. ನೀವು ಖುಷಿ ಇದ್ರಿ ಅಕ್ಕಾರ, ನಾನೂ ಸುಮ್ಮನಿದ್ದೆ,” ಎಂದು ನಕ್ಕರು.

ಕುದುರೆಯನ್ನು ಬಗ್ಗಿಸಲು ಅವರಿಗೆ ಪಟ್ಟಿಯಾದರೂ ಬೇಕಾಗಿತ್ತು. ನನ್ನನ್ನು ಬಗ್ಗಿಸಲು ಎರಡು ಕನ್ನಡ ಮಾತು ಸಾಕಾಗಿತ್ತು.