ತಾ ಕೇವ್ ಗುಡಿಯ ನೆತ್ತಿಯಲ್ಲಿ ಚನ್ನಕ್ಕ

ಚನ್ನಕ್ಕ ಹುಬ್ಬಳ್ಳಿ ಡಿಪೋದಲ್ಲಿ ಬಸ್ ಕಂಡಕ್ಟರ್ ಆಗಿದ್ದವಳು. ಡ್ರೈವರ್ ಆಗಿದ್ದ ಗಂಡ ತೀರಿಕೊಂಡ ಮೇಲೆ ಅನುಕಂಪದ ಆಧಾರದಲ್ಲಿ ಸಿಕ್ಕ ನೌಕರಿ. ಅದೇ ಸಂಬಳದಲ್ಲಿ ಮಗನನ್ನೂ ಮಗಳನ್ನೂ ಇಂಜಿನಿಯರಿಂಗ್ ಓದಿಸಿದಳು. ಬಾದಾಮಿ ರೂಟಿನಲ್ಲಿ ವರ್ಷಗಟ್ಟಲೆ ಓಡಾಡಿದರೂ ಅಲ್ಲಿಯ ಗುಹೆಗಳನ್ನು ನೋಡಿದವಳಲ್ಲ. ಬಸ್ಸು ತಿರುಗಿ ಹೊರಡುವುದರೊಳಗೆ ಒಂದು ಕಪ್ ಚಾ ಕುಡಿಯಲು ಪುರುಸೊತ್ತು ಸಿಕ್ಕರೆ ಅದೇ ದೊಡ್ಡದು.

ನಿವೃತ್ತಿಯಾದ ವರ್ಷವೇ ಮಗ ಅಭಿನವ ಅವಳನ್ನು ಸಿಡ್ನಿಗೆ ಕರೆಸಿಕೊಂಡ. ಮೊಮ್ಮಗಳು ಆದ್ಯಾ ಆಗ ಎಳೆಗೂಸು. ಸೊಸೆ ವಾಸಂತಿ ಮೈಸೂರಿನವಳು, ಅತ್ತೆಗೆ ಎಂದೂ ಎದುರಾಡಿದವಳಲ್ಲ. ದಿ ಪಾಂಡ್ಸ್ ಎಂಬ ಬಡಾವಣೆಯ ಅವರ ಹೊಸ ಮನೆಯಲ್ಲಿ ಚನ್ನಕ್ಕನಿಗೆ ಅಂತಲೇ ಒಂದು ಕೋಣೆ, ಹಿತ್ತಲಿಗೆ ತೆರೆದುಕೊಳ್ಳುವ ಕಿಟಕಿ, ಬೇಕೆಂದಾಗ ಬಿಸಿನೀರು. ಯಾರ ಮೇಲೂ ದೂರು ಹೇಳುವಂತಿರಲಿಲ್ಲ. ಅದೇ ಅವಳಿಗೆ ಕಷ್ಟವಾಗಿದ್ದು.

ಬೆಳಗ್ಗೆ ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೊರಟರೆ ಮುಂಬಾಗಿಲು ತಾನಾಗಿಯೇ ಲಾಕ್ ಆಗುತ್ತಿತ್ತು. ಒಮ್ಮೆ ಮಗುವನ್ನು ಮಲಗಿಸಿ ಕಸ ಚೆಲ್ಲಲು ಹೊರಗೆ ಬಂದಾಗ ಹಿಂದಿನಿಂದ ಬಾಗಿಲು ಬಿತ್ತು. ಫೋನು ಒಳಗೆ, ಕೀಲಿಯೂ ಒಳಗೆ. ಪಕ್ಕದ ಮನೆಯ ಪಂಜಾಬಿ ಹೆಂಗಸು ಅಭಿನವನಿಗೆ ಫೋನ್ ಮಾಡಿಕೊಟ್ಟಳು. ಅವನು ಓಡಿ ಬರುವವರೆಗೆ ಚನ್ನಕ್ಕ ಕಿಟಕಿಗೆ ಹಣೆ ಹಚ್ಚಿ ಒಳಗಿನ ಅಳು ಕೇಳುತ್ತ ನಿಂತಿದ್ದಳು. ಆಮೇಲೆ ಕಸ ಚೆಲ್ಲುವುದನ್ನೂ ಮಗನೇ ಮಾಡತೊಡಗಿದ. ಅವಳು ಹೊಸ್ತಿಲು ದಾಟಲು ಉಳಿದಿದ್ದ ಆ ಒಂದು ನೆಪವೂ ಹೋಯಿತು.

ಶನಿವಾರ ನಮ್ಮವರ ಅಂಗಡಿಗಳಿದ್ದ ಪೆಂಡಲ್ ಹಿಲ್‌ಗೆ ಜೋಳದ ಹಿಟ್ಟು ತರಲು ಹೋಗುವುದೇ ಅವಳ ಪೇಟೆ ತಿರುಗಾಟ. ಅಲ್ಲಿಯೂ ಆದ್ಯಾ ಕಾರಿನಲ್ಲಿ ನಿದ್ದೆ ಹೋದರೆ, "ಅವ್ವಾ, ನೀ ಇಲ್ಲೇ ಕೂಡು, ಐದ ನಿಮಿಷದಾಗ ಬರ್ತೀವಿ" ಎನ್ನುತ್ತಿದ್ದ ಅಭಿನವ. ಊರಿಗೆ ಹೋಗಿ ಬರುತ್ತೇನೆಂದರೆ, "ಚೈಲ್ಡ್‌ಕೇರ್‌ನ್ಯಾಗ ಸೀಟ್ ಸಿಗಲಿ ತಡಿ" ಎನ್ನುತ್ತಿದ್ದ. ಅವಳ ಪಾಸ್‌ಪೋರ್ಟು ಎಲ್ಲರದರ ಜೊತೆ ಅವನ ಕೋಣೆಯ ಕಪಾಟಿನಲ್ಲಿ ಜೋಪಾನವಾಗಿತ್ತು.

ಕಾಂಬೋಡಿಯಾಕ್ಕೆ ಹೋಗುವ ಮಾತು ತೆಗೆದವನು ಮೆಲ್ಬೋರ್ನಿನ ಅಳಿಯ ಸಂಜು. "ಅತ್ತೀನೂ ಬರ್ಲಿ. ಅಲ್ಲಿ ಶಿವನ ಗುಡಿ, ವಿಷ್ಣುನ ಗುಡಿ ಎಲ್ಲಾ ಅದಾವ. ಸಾವಿರ ವರ್ಷದ ಹಿಂದಿನವು" ಎಂದ ಫೋನಿನಲ್ಲಿ. ಚನ್ನಕ್ಕ ಹೊಸ ಕ್ಯಾನ್ವಾಸ್ ಶೂ ತರಿಸಿಕೊಂಡಳು. ಮಗು ಮಲಗಿದಾಗ ಅದನ್ನು ಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾಡಿ ರೂಢಿ ಮಾಡಿಕೊಂಡಳು.

ಜನವರಿ ರಜೆಯಲ್ಲಿ ಎರಡೂ ಸಂಸಾರಗಳು ಆ ಗುಡಿಗಳ ಪಕ್ಕದ ಊರಾದ ಸಿಯಾಮ್ ರೀಪ್‌ನಲ್ಲಿ ಕೂಡಿಕೊಂಡವು. ಮೊದಲ ದಿನ ಅಂಗ್ಕೋರ್ ವಾಟ್. ಕೆರೆಯಂಥ ಕಂದಕ ದಾಟುವಾಗ ನೀರಿನಲ್ಲಿ ಗೋಪುರಗಳ ನೆರಳು ಕಂಡು ಚನ್ನಕ್ಕನಿಗೆ ಕೈ ಮುಗಿಯಬೇಕೆನಿಸಿತು. ಕೈಯಲ್ಲಿ ಆದ್ಯಾಳ ತಳ್ಳುಗಾಡಿ ಇತ್ತು. ಮುಂದೆ ಹೋದರೆ ಬಾಗಿಲು ಬಾಗಿಲಿಗೂ ಎತ್ತರದ ಹೊಸ್ತಿಲು, ಗಾಡಿ ಒಳಗೆ ಹೋಗುವಂತಿರಲಿಲ್ಲ.

"ಅತ್ತೆ, ನೀವು ಇವಳ ಜೊತೆ ಇಲ್ಲೇ ನೆರಳಲ್ಲಿ ಕೂತಿರಿ, ಬೇಗ ಬಂದುಬಿಡ್ತೀವಿ" ಎಂದಳು ವಾಸಂತಿ.

ಮರುದಿನವೂ ಹಾಗೇ ಆಯಿತು. ಮರದ ಬೇರುಗಳು ಗೋಡೆಗಳನ್ನು ಅಪ್ಪಿಕೊಂಡ ಗುಡಿಯ ಹೊರಗೆ ಎಳನೀರು ಮಾರುವವಳ ಪಕ್ಕ ಕೂತಳು. ಕಲ್ಲಿನ ದೊಡ್ಡ ಮುಖಗಳ ಬಾಯೋನ್ ಗುಡಿಯನ್ನು ರಸ್ತೆಯ ಈಚೆಯಿಂದ ನೋಡಿದಳು. ಮಕ್ಕಳು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದು, "ನೋಡವ್ವ, ಎಷ್ಟ್ ಚಂದ ಅದ" ಎಂದು ಫೋನು ಹಿಡಿದರು. ಅವಳು ನೋಡಿ ತಲೆಯಾಡಿಸಿದಳು.

ಆ ಸಂಜೆ ಊಟದ ಮೇಜಿನಲ್ಲಿ ಮಗಳು ಶೈಲಶ್ರೀ ತಾನು ಬಸುರಿ ಎಂಬ ಸುದ್ದಿ ಹೇಳಿದಳು. ಜುಲೈಗೆ ದಿನ ತುಂಬುತ್ತದೆ. ಚನ್ನಕ್ಕ ಎದ್ದು ಮಗಳ ಗಲ್ಲ ಸವರಿ ನೆಟಿಗೆ ಮುರಿದಳು. ಅವಳು ಮರಳಿ ಕೂರುವುದರೊಳಗೆ ಮಾತು ಮುಂದೆ ಹೋಗಿತ್ತು.

"ಅವ್ವ ಜೂನ್‌ತನಕ ನಮ್ಮಲ್ಲಿ, ಆಮ್ಯಾಲ ಮೆಲ್ಬೋರ್ನ್" ಎಂದ ಅಭಿನವ.

"ಒಂದ್ ವರ್ಷರೆ ಬೇಕು ನೋಡಣ್ಣ" ಎಂದಳು ಶೈಲಶ್ರೀ.

"ವೀಸಾ ಎಕ್ಸ್‌ಟೆಂಡ್ ಮಾಡಿದ್ರಾಯ್ತು" ಎಂದ ಸಂಜು.

ಎಲ್ಲರೂ ನಗುತ್ತಿದ್ದರು. ಚನ್ನಕ್ಕನಿಗೂ ಸಂತೋಷವೇ. ಆದರೆ ತಾಟನ್ನು ಅರ್ಧಕ್ಕೇ ಬದಿಗೆ ಸರಿಸಿದಳು.

ಮರುದಿನ ಬೆಳಗ್ಗೆ ವ್ಯಾನು ತಾ ಕೇವ್ ಎಂಬ ಗುಡಿಯ ಮುಂದೆ ನಿಂತಿತು. ಇದು ಶಿವನಿಗೆಂದು ಕಟ್ಟಲು ತೊಡಗಿ ಅರ್ಧಕ್ಕೆ ಬಿಟ್ಟದ್ದೆಂದು ಗೈಡ್ ಹೇಳಿದ. ಚಿತ್ತಾರವಿಲ್ಲದ ಬೋಳು ಕಲ್ಲು, ಬೆಟ್ಟದಂತೆ ಅಂತಸ್ತು ಅಂತಸ್ತಾಗಿ ಏರಿತ್ತು. ಬಸುರಿ ಶೈಲಶ್ರೀ ಕೆಳಗೇ ಇರುತ್ತೇನೆಂದಳು.

"ಹಂಗಾದ್ರ ಈಕೀನ ಹಿಡಿ" ಎಂದು ಚನ್ನಕ್ಕ ಆದ್ಯಾಳನ್ನು ಎತ್ತಿ ಮಗಳ ತೊಡೆಯ ಮೇಲೆ ಕೂರಿಸಿದಳು. "ರೂಢಿ ಆಗ್ಲಿ."

ಸೆರಗು ಸೊಂಟಕ್ಕೆ ಸಿಕ್ಕಿಸಿ ಹೊರಟೇಬಿಟ್ಟಳು. ಉಳಿದವರು ಗೈಡಿನ ಮಾತು ಕೇಳುತ್ತ ನಿಂತಿದ್ದರು, ಅವಳು ಹೋದದ್ದು ಗೊತ್ತಾಗಲಿಲ್ಲ. ಮೇಲಕ್ಕೆ ಹೋದಂತೆ ಮೆಟ್ಟಿಲು ಮೊಣಕಾಲೆತ್ತರ, ಪಾದದ ಅರ್ಧ ಮಾತ್ರ ಊರುವಷ್ಟು ಅಗಲ. ಕೊನೆಯ ಸಾಲನ್ನು ಕೈಯೂರಿ ಮಗುವಿನಂತೆ ಅಂಬೆಗಾಲಲ್ಲಿ ಹತ್ತಿದಳು. ನೆತ್ತಿಯ ಗರ್ಭಗುಡಿಯಲ್ಲಿ ಲಿಂಗವಿರಲಿಲ್ಲ. ಹಳದಿ ಬಟ್ಟೆ ಹೊದಿಸಿದ ಬುದ್ಧನ ಮೂರ್ತಿ, ಅದರ ಮುಂದೆ ಊದುಬತ್ತಿ ಹಚ್ಚುತ್ತಿದ್ದ, ತಲೆ ಬೋಳಿಸಿಕೊಂಡ ಒಬ್ಬ ಮುದುಕಿ. ಚನ್ನಕ್ಕ ಕೈ ಮುಗಿದು ಹೊರಗೆ ಬಂದಳು. ನಾಲ್ಕೂ ಕಡೆ ಕಾಡು, ಎಲೆಗಳ ಮೇಲೆ ಗಾಳಿ. ಬಹಳ ಹೊತ್ತು ನೋಡಿದಳು.

ಇಳಿಯಲೆಂದು ಅಂಚಿಗೆ ಬಂದಾಗ ತಲೆ ತಿರುಗಿತು. ಮೆಟ್ಟಿಲುಗಳೇ ಕಾಣಲಿಲ್ಲ, ಕಾಣಿಸಿದ್ದು ಆಳದಲ್ಲಿದ್ದ ನೆಲ ಮಾತ್ರ. ಅಲ್ಲೇ ಕುಸಿದು ಕೂತಳು. ಕೆಳಗಿನಿಂದ ಅಭಿನವ ಕೂಗುತ್ತಿದ್ದ. ಸ್ವಲ್ಪ ಹೊತ್ತಿನಲ್ಲಿ ಏದುಸಿರು ಬಿಡುತ್ತ ಮೇಲೆ ಬಂದು ಪಕ್ಕದಲ್ಲಿ ಕೂತ. ಅವನ ಮುಖ ಬಿಳಿಚಿಕೊಂಡಿತ್ತು.

"ಹೇಳದ ಕೇಳದ ಯಾಕ್ ಬಂದಿ ಅವ್ವಾ?"

"ಕೇಳಿದ್ರ ಬ್ಯಾಡ ಅಂತಿದ್ದಿ."

"ಬಿದ್ದಿದ್ರ?"

"ಬೀಳಲಿಲ್ಲಲ್ಲ." ಅವಳು ಸುಧಾರಿಸಿಕೊಂಡು ಹೇಳಿದಳು. "ನಿನ್ನೆ ಜೂನ್‌ತನಕ ಅಲ್ಲಿ, ಮುಂದ ಇಲ್ಲಿ ಅಂತ ಎಲ್ಲಾ ಮಾತಾಡಿದ್ರಿ. ನಾನೂ ಅಲ್ಲೇ ಕುಂತಿದ್ದೆ. ಒಬ್ಬರರೆ ನನ್ನ ಕೇಳಿದ್ರೇನು?"

"ನೀ ಖುಷಿಯಿಂದ ಅದಿ ಅನ್ಕೊಂಡಿದ್ವಿ."

"ಖುಷಿ ಇಲ್ಲಂತಲ್ಲಪಾ. ಒಳಗಿದ್ದೂ ಇದ್ದೂ ಸಾಕಾಗೇತಿ."

ಅಭಿನವ ಎದ್ದು ಅವಳತ್ತ ಕೈ ಚಾಚಿದ. ಅಷ್ಟರಲ್ಲಿ ಆ ಮುದುಕಿ ಹತ್ತಿರ ಬಂದು, ಅವಳದೇ ಭಾಷೆಯಲ್ಲಿ ಏನೋ ಹೇಳಿ, ಮುಖ ಕಲ್ಲಿಗೆ ಮಾಡಿ ಹಿಂದು ಹಿಂದಾಗಿ ಎರಡು ಮೆಟ್ಟಿಲು ಇಳಿದು ತೋರಿಸಿದಳು. ಹಾಗೆ ತಿರುಗಿ ನಿಂತರೆ ಆಳ ಕಾಣುವುದಿಲ್ಲ. ಮಗ ಒಂದು ಮೆಟ್ಟಿಲು ಕೆಳಗೆ ನಿಂತು ಅವಳ ಪಾದವನ್ನು ಒಂದೊಂದಾಗಿ ಹಿಡಿದು ಊರಿಸುತ್ತ ಹೋದ. ಇಳಿಯಲು ಹತ್ತುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯಿತು.

ಅದರ ಮರುದಿನ ಬೇರೊಂದು ಗುಡಿಗೆ ಹೋದಾಗ ಅಭಿನವ ತಾನೇ ಮಗುವಿನ ಜೊತೆ ಹೊರಗೆ ಉಳಿದ. ಆದರೆ ಸಿಡ್ನಿಗೆ ಮರಳಿದ ಮೇಲೆ ಅವನ ಕಾಳಜಿ ಇನ್ನಷ್ಟು ಬಿಗಿಯಾಯಿತು. ಪಡಸಾಲೆಯಲ್ಲಿ ಕ್ಯಾಮೆರಾ ಕೂತಿತು. ಆಫೀಸಿನಿಂದ ಮತ್ತೆ ಮತ್ತೆ ಫೋನು ಬರತೊಡಗಿತು. ಮರಳಿ ಬಂದಿಳಿದ ದಿನ ವಿಮಾನ ನಿಲ್ದಾಣದಲ್ಲಿ ಚನ್ನಕ್ಕ ತನ್ನ ಪಾಸ್‌ಪೋರ್ಟನ್ನು ಮಗನಿಗೆ ತಿರುಗಿ ಕೊಟ್ಟಿರಲಿಲ್ಲ. ಅದನ್ನು ಅವನು ಕೇಳಲೂ ಇಲ್ಲ.

ಜೂನ್‌ನಲ್ಲಿ ಅವಳು ಮೆಲ್ಬೋರ್ನಿಗೆ ಹೋದಳು. ಮಗಳ ಮನೆಯಿದ್ದ ವಿಂಡಮ್ ವೇಲ್‌ನಲ್ಲಿ ಆಗ ಚಳಿಗಾಲ, ಕೊರೆಯುವ ಗಾಳಿ. ಗಂಡುಮಗು ಹುಟ್ಟಿತು. ಬಾಣಂತಿಗೆ ಎಣ್ಣೆ ಹಚ್ಚಿದಳು, ಮಗುವಿಗೆ ಎರೆದಳು. ಚಳಿ ಕಳೆದ ಮೇಲೆ ಒಂದು ಮಧ್ಯಾಹ್ನ, ದೀಪಾವಳಿಗೆ ಊರಿಗೆ ಹೋಗುತ್ತೇನೆಂದು ಹೇಳಿಯೇಬಿಟ್ಟಳು.

ಶೈಲಶ್ರೀಯ ಕಣ್ಣು ತುಂಬಿತು. "ನೀ ಹೋದ್ರ ನಾ ಕೆಲಸ ಬಿಡಬೇಕಾಗ್ತದವ್ವಾ. ಒಬ್ಬರ ಪಗಾರದಾಗ ಮಾರ್ಟ್‌ಗೇಜ್ ಹೆಂಗ್ ಕಟ್ಟೂದು?"

ಮಗು ಶೈಲಶ್ರೀಯ ಎದೆಗಂಟಿ ಮಲಗಿತ್ತು. ಚನ್ನಕ್ಕ ಅದರ ಹೊದಿಕೆ ಸರಿಮಾಡಿದಳು. ದೀಪಾವಳಿ ವಿಂಡಮ್ ವೇಲ್‌ನಲ್ಲೇ ಆಯಿತು.

ಅದಾದ ಮೇಲೆ ಸಂಜು ಓಡಾಡಿ ಮಗುವಿಗೆ ಮಂಗಳವಾರದ ಮಟ್ಟಿಗೆ ಚೈಲ್ಡ್‌ಕೇರ್ ಗೊತ್ತುಮಾಡಿದ. "ಆ ದಿನ ನಿಮ್ದು ಅತ್ತಿ" ಎಂದು ಕೈಯಲ್ಲಿ ಕೀಲಿ ಇಟ್ಟ. ಮೊದಲ ಮಂಗಳವಾರ ಚನ್ನಕ್ಕ ಸೀರೆಯುಟ್ಟು, ಸ್ವೆಟರ್ ಹಾಕಿ ಹೊರಬಿದ್ದಳು. ಎಲ್ಲಿಗೆಂದು ಯೋಚಿಸಿರಲಿಲ್ಲ. ಒಂದರಂತೆ ಒಂದು ಬೂದು ಮನೆ, ಯಾವುದರ ಅಂಗಳದಲ್ಲೂ ಜನವಿಲ್ಲ. ಬಡಾವಣೆ ಮುಗಿಯುವಲ್ಲಿ ರಸ್ತೆಗೆ ಅಡ್ಡ ತಂತಿಬೇಲಿ ಹಾಕಿದ್ದರು. ಆಚೆ ಒಣಹುಲ್ಲಿನ ಬಯಲು. ಬೇಲಿ ಹಿಡಿದು ನಿಂತು, ಮಗಳ ಫೋನು ಬರುವ ಹೊತ್ತಾಯಿತೆಂದು ನೆನಪಾಗಿ ಮರಳಿದಳು. ದಾರಿಯಲ್ಲಿ ಎರಡು ಸಲ ಬೇರೆಯವರ ಮನೆಯ ಬಾಗಿಲಿಗೆ ಕೀಲಿ ಹಾಕಹೋಗಿ ಕೈ ತಡೆದಳು.

ಮುಂದಿನ ಮಂಗಳವಾರ ಬೇಲಿಯತ್ತ ಹೋಗುವ ದಾರಿ ಬಿಟ್ಟು ಎಡಗಡೆಯ ರಸ್ತೆ ಹಿಡಿದಳು.